ಕಲ್ಪಕರ್ಮಿಗಳ ಹೆಗ್ಗಣ

ಮಾರ್ಚ್ 3, ಸೋಮವಾರ

ಹೇಸಿಗೆ. ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಒಳ್ಳೆಯ ಮಾತು ಬರೆಯಬೇಕೆಂದುಕೊಂಡಿದ್ದೆ. ಬಂದದ್ದು ಇದೇ.

ಮೊಮ್ಮಗಳು ಸಂಜೆ ಕೆಲಸದಿಂದ ಬರುವಾಗ ಕುತ್ತಿಗೆಗೆ ಒಂದು ಪಟ್ಟಿ ನೇತುಹಾಕಿಕೊಂಡು ಬಂದಳು. ಎಮ್ಮೆಗೆ ಗಂಟೆ ಕಟ್ಟಿದ ಹಾಗೆ. ಪಟ್ಟಿಯ ತುದಿಗೆ ಗುರುತಿನ ಚೀಟಿ, ಅದರಲ್ಲಿ ಅವಳ ಫೋಟೋ, ಫೋಟೋ ಕೆಳಗೆ ‘ಕಲ್ಪಕರ್ಮಿ’ ಎಂದು ಅಚ್ಚು.

"ಏನೇ ಇದು, ಯಾವ ರೋಗದ ಹೆಸರು?"

"ರೋಗ ಅಲ್ಲ ಅಜ್ಜಿ. ಕಲ್ಪನೆ, ಕುಶಲಕರ್ಮಿ, ಎರಡೂ ಸೇರಿಸಿದ್ದು. ತಲೇಲಿ ಹೊಳೆದಿದ್ದನ್ನ ಕೈಯಲ್ಲಿ ಮಾಡಿ ನಿಲ್ಲಿಸೋರು."

"ಅದಕ್ಕೆ ದರ್ಜಿ, ಬಡಗಿ, ಕಮ್ಮಾರ ಅಂತ ಹೆಸರಿದೆಯಲ್ಲ."

"ಅವರೆಲ್ಲ ಒಂದೇ ಕಡೆ ಸೇರಿದ್ರೆ?"

"ಜಗಳ."

ಒಂದು ಮಾತಿನ ತಲೆ ಕತ್ತರಿಸಿದ್ದಾರೆ, ಇನ್ನೊಂದರ ಬಾಲ ಕತ್ತರಿಸಿದ್ದಾರೆ, ನಡುವೆ ಹೊಲಿಗೆ ಹಾಕಿದ್ದಾರೆ. ಅಂಚು ಮಡಚುವಷ್ಟೂ ತಾಳ್ಮೆಯಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದವಳು, ಐವತ್ತು ವರ್ಷ ಬಟ್ಟೆ ಕತ್ತರಿಸಿದವಳು. ನನ್ನ ಕುತ್ತಿಗೆಗೆ ಯಾರೂ ಚೀಟಿ ಕಟ್ಟಲಿಲ್ಲ. ಅಳತೆ ಟೇಪು ಇತ್ತು, ಸಾಕಾಗಿತ್ತು.

ಅಂಗಡಿಯಲ್ಲಿ ಕಬ್ಬಿಣದ ಬೀರು ಮಾರುವ ನೆಮ್ಮದಿಯ ಕೆಲಸ ಬಿಟ್ಟು ಈ ಕಾರ್ಖಾನೆ ಸೇರಿದ್ದಾಳೆ. ಮೂರು ತಿಂಗಳು ನೋಡುತ್ತಾರಂತೆ, ಎರಡು ಮುಗಿದವು, ಪಟ್ಟಿ ಈಗ ಕೊಟ್ಟಿದ್ದಾರೆ. ಈ ತಿಂಗಳ ಮೂವತ್ತೊಂದನೇ ತಾರೀಖಿನೊಳಗೆ ಸರಿ ಎನಿಸಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಪಟ್ಟಿ ಬಿಚ್ಚಿಸಿ ಮನೆಗೆ.

ಈ ಕೋಣೆಯ ಬಲ್ಬು ಬದಲಾಯಿಸಬೇಕು. ಮಂಕು.

ಮಾರ್ಚ್ 5, ಬುಧವಾರ

ಊರಿನ ಮಕ್ಕಳ ಗ್ರಂಥಾಲಯಕ್ಕೆ ಇವರು ಒಂದು ಪ್ರಾಣಿ ಮಾಡಿಕೊಡಬೇಕಂತೆ. ಮಕ್ಕಳು ಅದರ ಹೊಟ್ಟೆಯೊಳಗೆ ನುಗ್ಗಿ ಕೂತು ಪುಸ್ತಕ ಓದುವುದಂತೆ. ಯೋಚನೆ ಮೊಮ್ಮಗಳದೇ. ಚಿತ್ರ ತಂದು ನನ್ನ ಮಂಚದ ಮೇಲೆ ಹರಡಿದಳು. ಕರಡಿಯ ಮೈ, ಹಸುವಿನ ಕಿವಿ, ಹೆಗ್ಗಣದ ಮೂತಿ.

"ಹೇಗಿದೆ?"

"ಹೆತ್ತವರಿಗೆ ಹೆಗ್ಗಣ ಮುದ್ದು."

"ಅಜ್ಜೀ! ಕಂಪ್ಯೂಟರಲ್ಲಿ ತೋರಿಸಿದ್ರೆ ಅವರಿಗೆ ಹಿಡಿಸ್ತಿಲ್ಲ. ಕೈಗೆ ಸಿಗೋ ಹಾಗೆ ಒಂದು ಪುಟ್ಟ ಮಾದರಿ ಬೇಕು. ನೀನು ಹೊಲಿದುಕೊಡು."

"ನಿಮ್ಮಲ್ಲಿ ಅಷ್ಟೊಂದು ಕಲ್ಪಕರ್ಮಿಗಳಿದ್ದಾರಲ್ಲ, ಒಬ್ಬರಿಗೂ ಸೂಜಿ ಹಿಡಿಯೋಕೆ ಬರಲ್ವಾ?"

"ಬರುತ್ತೆ. ಆದ್ರೆ ನಿನ್ನ ಹಾಗೆ ಬರಲ್ಲ."

ಬೆಣ್ಣೆ. ತಾಯಿಯ ಬಾಯಲ್ಲಿ ಇಲ್ಲದ್ದು ಮಗಳ ಬಾಯಲ್ಲಿದೆ. ನನ್ನ ಮಗಳು ಬಸ್ಸಿನಲ್ಲಿ ಕಂಡಕ್ಟರ್, ಅವಳ ಬಾಯಲ್ಲಿ ಇರುವುದು ಬರೀ ‘ಮುಂದೆ ಹೋಗಿ, ಮುಂದೆ ಹೋಗಿ.’

ಹಳೆಯ ಬೂದು ಕಂಬಳಿ ತೆಗೆದಿಟ್ಟಿದ್ದೇನೆ.

ಮಾರ್ಚ್ 8, ಶನಿವಾರ

ಹೆಗ್ಗಣ ಆಯಿತು. ಒಂದು ಮೊಳ ಉದ್ದ. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು, ಯಾಕೆಂದರೆ ಈಗ ಮಾರುವ ಚಾಕ್ ಸುಣ್ಣವೋ ಹಿಟ್ಟೋ ದೇವರಿಗೇ ಗೊತ್ತು. ಗೀಟು ಹಾಕಿ ಕತ್ತರಿ ತರುವಷ್ಟರಲ್ಲಿ ಗೀಟೇ ಮಾಯ. ದಾರವೂ ಹಾಗೇ, ಕೂದಲಿಗಿಂತ ಸಣ್ಣ. ಕಂಪನಿಗಳಿಗೆ ನಾಚಿಕೆಯಿಲ್ಲ.

ಹತ್ತಿ ತುಂಬಿ ನಿಲ್ಲಿಸಿದರೆ ಸ್ವಲ್ಪ ಎಡಕ್ಕೆ ವಾಲಿತು. ಮೊಮ್ಮಗಳು ಅದನ್ನು ನೋಡಿ ಕುಣಿದಳು.

"ಅಯ್ಯೋ ಅಜ್ಜಿ, ಪಕ್ಕದಲ್ಲಿ ಯಾರೋ ಕಥೆ ಹೇಳ್ತಿದ್ದಾರೆ, ಇದು ವಾಲಿಕೊಂಡು ಕೇಳ್ತಾ ಇದೆ! ಬೇಕಂತಲೇ ಮಾಡಿದ್ಯಾ?"

"ಮತ್ತೇನು, ನಿದ್ದೇಲಿ ಮಾಡಿದ್ನಾ?"

ಮಾಡಿದ್ದೇನೋ ನೆಟ್ಟಗೇ. ಹತ್ತಿ ಒಂದೇ ಕಡೆ ಕೂತಿರಬೇಕು. ಈಗಿನ ಹತ್ತಿ.

ಮಾರ್ಚ್ 11, ಮಂಗಳವಾರ

ಕಾರ್ಖಾನೆ ತೋರಿಸುತ್ತೇನೆಂದು ಕರೆದುಕೊಂಡು ಹೋದಳು. ಹೋಗಬಾರದಿತ್ತು.

ಹಳೆಯ ಗೋದಾಮು. ಒಳಗೆ ಅಂಟಿನ ವಾಸನೆ, ನೆಲದ ಮೇಲೆ ಸ್ಪಂಜಿನ ಪುಡಿ, ಎಲ್ಲೆಂದರಲ್ಲಿ ಚಹಾ ಕುಡಿದಿಟ್ಟ ಲೋಟಗಳು. ಒಂದರ ತಳದಲ್ಲಿ ಬೂಸ್ಟು ಬೆಳೆದಿತ್ತು. ಅದೂ ಕಲ್ಪನೆಯೇ ಇರಬೇಕು. ಗೋಡೆ ತುಂಬ ಹಳದಿ ಚೀಟಿಗಳು. ಓದೋಣವೆಂದರೆ ಇರುವೆ ಹರಿದ ಹಾಗೆ ಬರೆದಿದ್ದಾರೆ. ಬಾಗಿಲಲ್ಲಿ ಒಂದು ಮೆಟ್ಟಿಲು, ಅದಕ್ಕೂ ನೆಲದ ಬಣ್ಣವನ್ನೇ ಬಳಿದಿದ್ದಾರೆ. ಎಡವಿದೆ. ಅಲ್ಲಿದ್ದ ಬೆಸುಗೆಯವನು ಮೊಣಕೈ ಹಿಡಿದ. ಅವನೊಬ್ಬನ ಕೈ ಮಾತ್ರ ಕೆಲಸ ಮಾಡುವವನ ಕೈಯ ಹಾಗೆ ಒರಟಾಗಿತ್ತು.

ಇವರ ಯಜಮಾನ ಬಂದ. ದಪ್ಪ ಕಪ್ಪು ಕನ್ನಡಕ. ಅದಕ್ಕೆ ನಂಬರೇ ಇಲ್ಲವಂತೆ, ಬರೀ ಗಾಜು, ಅಂದಕ್ಕೆ ಹಾಕುವುದಂತೆ! ಮೊಮ್ಮಗಳು ಕಿವಿಯಲ್ಲಿ ಹೇಳಿದಳು. ಕಾಲು ಗಟ್ಟಿ ಇರುವವನು ಅಂದಕ್ಕೆ ಕುಂಟುತ್ತಾನೆಯೇ? ಸುಳ್ಳುಗನ್ನಡಕ ಎಂದು ಹೆಸರಿಟ್ಟೆ.

"ಅಮ್ಮಾ, ಈ ಕೆಲಸದಲ್ಲಿ ಒಂದು ಆತ್ಮ ಇದೆ," ಎಂದ ನನ್ನ ಹೆಗ್ಗಣ ಹಿಡಿದುಕೊಂಡು.

"ಹತ್ತಿ ಇದೆ," ಎಂದೆ.

ಆಮೇಲೆ ನನ್ನೆದುರೇ ಅದರ ಹೊಲಿಗೆ ಬಿಚ್ಚಿಸಿದ! ತುಂಡುಗಳನ್ನು ಗಾಜಿನ ಯಂತ್ರದ ಮೇಲೆ ಮಲಗಿಸಿದರು. ಅದೇ ಆಕಾರವನ್ನು ಹನ್ನೆರಡು ಪಟ್ಟು ಹಿಗ್ಗಿಸಿ ದೊಡ್ಡ ಬಟ್ಟೆ ಕತ್ತರಿಸುತ್ತಾರಂತೆ. ಒಳಗಿನ ಕಬ್ಬಿಣದ ಪಂಜರ ಮಾತ್ರ ಚಿತ್ರ ನೋಡಿ ಬೇರೆ ಮಾಡುತ್ತಾರಂತೆ. ಎಲ್ಲರೂ ತಲೆಯಾಡಿಸಿದರು. ಐವತ್ತು ವರ್ಷದಲ್ಲಿ ನಾನು ಹೊಲಿದದ್ದನ್ನು ಗಿರಾಕಿ ನನ್ನ ಕಣ್ಣೆದುರು ಬಿಚ್ಚಿದ್ದು ಇದೇ ಮೊದಲು. ಮನೆಗೆ ಬಂದು ಎರಡು ಸಲ ಕೈ ತೊಳೆದೆ.

ಮಾರ್ಚ್ 16, ಭಾನುವಾರ

ಚಹಾ ಬಗ್ಗಿಸುವಾಗ ಅರ್ಧ ಮೇಜಿಗೆ ಹೋಯಿತು. ಲೋಟದ ಬಾಯಿ ಕಿರಿದು ಮಾಡಿದ್ದಾರೆ. ಮಗಳಿಗೆ ಅಷ್ಟೇ ಸಾಕಾಯಿತು.

"ಅಮ್ಮ, ಕಣ್ಣಿನ ಆಸ್ಪತ್ರೆಗೆ ಹೋಗೋಣ."

"ನೀನು ಹೋಗು. ಬಾಯಿಗೂ ಅಲ್ಲಿ ಔಷಧಿ ಇದೆಯಾ ಕೇಳು."

"ನಿನ್ನೆ ಸ್ಟಾಪಲ್ಲಿ ನನ್ನ ಬಸ್ಸಿಗೇ ಕೈ ಅಡ್ಡ ಹಾಕಿ ಎಷ್ಟನೇ ನಂಬರು ಅಂತ ಕೇಳಿದೆಯಲ್ಲ! ನಾನು ಬಾಗಿಲಲ್ಲೇ ನಿಂತಿದ್ದೆ!"

ನಂಬರು ಸಣ್ಣಗೆ ಬರೆದರೆ ಕೇಳದೆ ಇನ್ನೇನು ಮಾಡಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಇವರು ಮಾಡುವ ತಪ್ಪಿಗೆಲ್ಲ ನನ್ನ ಕಣ್ಣು. ಹೊಸ ಬಲ್ಬು ಹಾಕಿಸಿದೆ. ಅದೂ ಮಂಕು. ಒಂದು ಪುಟದಲ್ಲಿ ಮೊದಲು ಇಪ್ಪತ್ತು ಸಾಲು ಹಿಡಿಯುತ್ತಿತ್ತು. ಈಗ ಹನ್ನೊಂದಕ್ಕೇ ತುಂಬಿತು. ಕಾಗದದವರೂ ಮೋಸ.

ಮಾರ್ಚ್ 20, ಗುರುವಾರ

ಮೊಮ್ಮಗಳು ಬಂದವಳೇ ಚಪ್ಪಲಿ ಬಿಡದೆ ಮಂಚದ ಮೇಲೆ ಕೂತಳು. ಊಟ ಬೇಡವೆಂದಳು. ಎರಡು ಸಲ ಬೈದ ಮೇಲೆ ಬಾಯಿಬಿಟ್ಟಳು.

ಕಬ್ಬಿಣದ ಪಂಜರಕ್ಕೆ ಇವತ್ತು ಬಟ್ಟೆಯ ಚರ್ಮ ತೊಡಿಸಿದರಂತೆ. ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಬಟ್ಟೆ ಸೇರಲಿಲ್ಲ. ಭುಜದಿಂದ ಸೊಂಟದವರೆಗೆ ಬಾಯಿ ತೆರೆದುಕೊಂಡಿತು. ಒಂದು ಗೇಣು ಕಮ್ಮಿ. ಎಂಟು ಜನ ಹಿಡಿದು ಎಳೆದರೆ ಬಟ್ಟೆ ಹರಿಯುವ ಸದ್ದು ಬಂತಂತೆ. ಆ ಬಟ್ಟೆ ಮಗ್ಗದವರ ಹತ್ತಿರ ಇನ್ನು ಒಂದು ಅಂಗುಲವೂ ಇಲ್ಲ, ಆ ಬಣ್ಣ ಮುಗಿದಿದೆ. ಗ್ರಂಥಾಲಯದವರು ನೋಡಲು ಬರುವುದು ಮುಂದಿನ ಶುಕ್ರವಾರ, ಇಪ್ಪತ್ತೆಂಟಕ್ಕೆ.

"ಯಾರು ಅಳತೆ ನೋಡಿದ್ದು ಅಂತ ಕೇಳಿದ್ರು. ನಾನೇ ಅಂದೆ."

"ನೋಡಿದ್ಯಾ?"

"ಇಲ್ಲ."

"ಯಾಕೆ?"

ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಅಡುಗೆಮನೆಯಿಂದ ಅವಳ ತಾಯಿ ಕೂಗಿದಳು: "ಯಾಕೆ ಅಂತೆ! ನಿನ್ನ ಕೈ ದಾಟಿ ಬಂದದ್ದನ್ನ ಈ ಮನೇಲಿ ಯಾರು, ಯಾವತ್ತು ಅಳೆದಿದ್ದಾರೆ?"

ಅದು ನಿಜ. ನಾನು ಕತ್ತರಿಸಿದ ಮೇಲೆ ಟೇಪು ಹಿಡಿಯುವ ಪದ್ಧತಿ ಈ ಮನೆಯಲ್ಲಿಲ್ಲ. ಮಗಳು ಹದಿನಾರರ ಹುಡುಗಿಯಾಗಿದ್ದಾಗ ಒಮ್ಮೆ ನಾನು ಕತ್ತರಿಸಿದ ಪರದೆಗೆ ಟೇಪು ಹಿಡಿದಳು. ಎಂಟು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದೆ. ಆಮೇಲೆ ಯಾರೂ ಆ ಧೈರ್ಯ ಮಾಡಲಿಲ್ಲ.

"ಶುಕ್ರವಾರದೊಳಗೆ ದಾರಿ ಕಾಣದಿದ್ರೆ ಪಟ್ಟಿ ವಾಪಸ್ ಕೊಡ್ಬೇಕು," ಎಂದಳು ಮೊಮ್ಮಗಳು. ನನ್ನ ಹೆಸರು ಅಲ್ಲಿ ಎತ್ತಿಲ್ಲ. ಇಲ್ಲೂ ಎತ್ತಲಿಲ್ಲ.

ಆ ಗಾಜಿನ ಯಂತ್ರ ಹಿಗ್ಗಿಸುವಾಗ ಎಲ್ಲೋ ತಪ್ಪಿದೆ. ಯಂತ್ರಕ್ಕೆ ಮಾನವೇ ಮರ್ಯಾದೆಯೇ.

ಮಾರ್ಚ್ 22, ಶನಿವಾರ

ಬಿಚ್ಚಿದ ಮಾದರಿಯ ತುಂಡುಗಳು ಅವಳ ಚೀಲದಲ್ಲಿದ್ದವು. ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದೆ. ಎಡಮೈಯ ತುಂಡನ್ನು ಬಲಮೈಯದರ ಮೇಲೆ ಇಟ್ಟು ಅಂಚಿನ ಮೇಲೆ ಬೆರಳು ಓಡಿಸಿದೆ.

ಒಂದು ಬೆರಳಗಲ ಕಮ್ಮಿ.

ಮೂರು ಸಲ ನೋಡಿದೆ. ಒಂದು ಬೆರಳು ಹನ್ನೆರಡು ಸಲ ಹಿಗ್ಗಿದರೆ ಒಂದು ಗೇಣು. ನಾಲ್ಕನೇ ಕ್ಲಾಸಿನ ಲೆಕ್ಕ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಬಲಗಣ್ಣು ಮುಚ್ಚಿಕೊಂಡು ಕಿಟಕಿಯ ಕಡೆ ನೋಡಿದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬರುವ ಹಬೆ ಇರುತ್ತದಲ್ಲ, ಅಷ್ಟೇ. ಕಿಟಕಿಯ ಸರಳು ಒಂದೂ ಇಲ್ಲ.

ಚಾಕ್ ಮಾರುವವನನ್ನು ಬೈದಿದ್ದೆ. ಹತ್ತಿಯನ್ನು ಬೈದಿದ್ದೆ.

ಬರೆದರೆ ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ. ಮಧ್ಯಾಹ್ನವೆಲ್ಲ ಯೋಚಿಸಿದ್ದು ಇದು: ಹುಡುಗಿಗೆ ಇಪ್ಪತ್ತಮೂರು ವರ್ಷ. ಈ ಕೆಲಸ ಹೋದರೆ ಇನ್ನೊಂದು. ನನಗೆ ಎಪ್ಪತ್ತಾರು. ನನ್ನ ಹತ್ತಿರ ಉಳಿದಿರುವುದು ಕತ್ತರಿ ತಪ್ಪದವಳು ಎಂಬ ಹೆಸರೊಂದೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆಗ ಮೊಮ್ಮಗಳು ಕೋಣೆಗೆ ಬಂದು ನನ್ನ ಲೋಟದಲ್ಲಿ ನೀರು ತುಂಬಿಸಿ, ಲೋಟವನ್ನು ನನ್ನ ಬಲಗಡೆಗೆ ಸರಿಸಿಟ್ಟು ಹೋದಳು. ಎಡಗಡೆ ಇಡಲಿಲ್ಲ. ಎಂದಿನಿಂದ ಹಾಗೆ ಇಡುತ್ತಿದ್ದಾಳೋ.

ಥೂ. ಇದು ಬೇರೆ ಯಾರಿಗೂ ಅಂದದ್ದಲ್ಲ.

ಮಾರ್ಚ್ 25, ಮಂಗಳವಾರ

ಹೇಳದೆ ಕೇಳದೆ ಹೊರಟೆ. ಮೂರು ಜನರನ್ನು ಬಸ್ಸಿನ ನಂಬರು ಕೇಳಿದೆ. ಮೂರನೆಯವನು "ಓದೋಕೆ ಬರಲ್ವಾ ಅಜ್ಜಿ?" ಎಂದ. "ಬರುತ್ತೆ, ಕಾಣಲ್ಲ," ಎಂದೆ. ಮಾತು ಬಾಯಿಂದ ಬಂದದ್ದು ಅದೇ ಮೊದಲು. ಬೀದಿಯವನಿಗೆ ಹೇಳಿದ್ದು ಸುಲಭವಾಯಿತು.

ಕಾರ್ಖಾನೆಯ ನಡುವೆ ಆ ಹೆಗ್ಗಣ ನಿಂತಿತ್ತು. ಹನ್ನೆರಡು ಮಕ್ಕಳನ್ನು ನುಂಗುವಷ್ಟು ದೊಡ್ಡದು. ಬಲಗಡೆ ಬೂದು ಉಣ್ಣೆ, ಎಡಗಡೆ ಪಕ್ಕೆಲುಬು ಕಾಣುತ್ತಿತ್ತು. ಕಂಡದ್ದೇನೂ ಅಲ್ಲ, ಬೆಸುಗೆಯವನು ಹೇಳಿದ. ನೊಣ ಮುತ್ತಿದ ಹೆಣದ ಸುತ್ತ ನಿಂತ ಹಾಗೆ ಎಲ್ಲರೂ ಮೂಗು ಮುಚ್ಚದೆ ನಿಂತಿದ್ದರು, ಅಷ್ಟೇ ವ್ಯತ್ಯಾಸ.

ಮೊಮ್ಮಗಳು ಓಡಿ ಬಂದಳು. "ಅಜ್ಜಿ, ನೀನ್ಯಾಕೆ ಬಂದೆ? ಒಬ್ಬಳೇ ಬಂದ್ಯಾ?"

"ಸುಮ್ನಿರು." ಸುಳ್ಳುಗನ್ನಡಕದ ಎದುರು ಹೋಗಿ ನಿಂತೆ. "ಮಾದರಿ ಕತ್ತರಿಸಿದ್ದು ನಾನು. ಎಡಗಡೆ ಒಂದು ಬೆರಳು ಕಮ್ಮಿ ಕತ್ತರಿಸಿದ್ದೀನಿ. ಗೀಟು ಕಾಣ್ತಿರಲಿಲ್ಲ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣೂ ಅದರ ಹಿಂದೆಯೇ ಹೊರಟಿದೆ. ಹುಡುಗಿಯ ಪಟ್ಟಿ ಬಿಚ್ಚಿಸಬೇಡಿ."

ಐವತ್ತು ವರ್ಷದ ಹೆಸರು ಬಿದ್ದರೆ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಫ್ಯಾನು ತಿರುಗುವ ಸದ್ದಷ್ಟೇ ಇತ್ತು.

ಆಮೇಲೆ ಆ ಮನುಷ್ಯ ಕೈ ಜೋಡಿಸಿಕೊಂಡು ಹೇಳಿದ್ದನ್ನು ಬರೆಯಲೂ ಅಸಹ್ಯ. "ಅಮ್ಮಾ, ಎಂಥ ಕಥೆ! ಕಣ್ಣು ಕಾಣದ ಅಜ್ಜಿ, ಬೆರಳಿನ ನೆನಪು! ಆ ಬಿರುಕನ್ನ ಹಾಗೇ ಬಿಡೋಣ. ನಿಮ್ಮ ಮೇಲೆ ಒಂದು ವಿಡಿಯೋ ಮಾಡೋಣ. ತಪ್ಪೇ ನಮ್ಮ ಕಲ್ಪನೆ ಆಗಲಿ!"

"ಕಣ್ಣು ಕಾಣಲ್ಲ ಅಂದೆ. ಬುದ್ಧಿ ಇಲ್ಲ ಅನ್ನಲಿಲ್ಲ. ಬಾಯಿ ಬಿಟ್ಟ ಹೊಲಿಗೆಯನ್ನ ಮಕ್ಕಳ ಮುಂದೆ ಇಟ್ಟು ಕಥೆ ಹೇಳ್ತೀರಾ? ನಮ್ಮಲ್ಲಿ ಅದಕ್ಕೆ ಕಲ್ಪನೆ ಅನ್ನಲ್ಲ, ಸೋಮಾರಿತನ ಅಂತಾರೆ."

ಬೆಸುಗೆಯವನು ಕೆಮ್ಮಿದ. ನಕ್ಕಿದ್ದು ಅದು.

ಆಗ ಮೊಮ್ಮಗಳು ಮುಂದೆ ಬಂದಳು. "ಸಾರ್, ಅಜ್ಜಿ ಹೇಳಿದ್ದು ಅರ್ಧ. ಅಳೆಯಬೇಕಾದವಳು ನಾನು, ಅಳೆಯಲಿಲ್ಲ. ಮತ್ತೆ ಚರ್ಮವನ್ನ ಮಾದರಿಯಿಂದ ತಗೊಂಡು, ಕಬ್ಬಿಣವನ್ನ ಚಿತ್ರದಿಂದ ಮಾಡಿಸಿದ್ದು ನಾವೆಲ್ಲ ಸೇರಿ. ಮಾದರಿ ನೆಟ್ಟಗಿರಲಿಲ್ಲ, ಎಡಕ್ಕೆ ವಾಲಿತ್ತು. ಎಡಗಡೆ ಬಟ್ಟೆ ಕಮ್ಮಿ ಇತ್ತು, ಹತ್ತಿ ಬಗ್ಗಿ ಸರಿಮಾಡಿಕೊಂಡಿತು. ಕಬ್ಬಿಣ ಬಗ್ಗಿಲ್ಲ." ಹೆಗ್ಗಣದ ಪಕ್ಕೆಲುಬು ತಟ್ಟಿ ಹೇಳಿದಳು: "ಬಟ್ಟೆ ಬೇಡ. ಪಂಜರವನ್ನೇ ವಾಲಿಸೋಣ. ಕಥೆ ಕೇಳೋ ಹಾಗೆ."

ಸುಳ್ಳುಗನ್ನಡಕ ಕನ್ನಡಕ ತೆಗೆದು ಒರೆಸಿದ. ಏನಿತ್ತೋ ಒರೆಸಲು. "ಶುಕ್ರವಾರದೊಳಗೆ ಆಗುತ್ತಾ?" ಎಂದು ಬೆಸುಗೆಯವನನ್ನು ಕೇಳಿದ.

"ಎಲ್ಲಿ ಕತ್ತರಿಸಬೇಕು ಅಂತ ಸರಿಯಾಗಿ ಹೇಳಿದ್ರೆ ಆಗುತ್ತೆ. ಒಂದು ಸಲ ಕತ್ತರಿಸಿದ್ರೆ ಮತ್ತೆ ಬೆಳೆಯಲ್ಲ ಸಾರ್, ಇದು ಉಗುರಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರೆಂದು ಕಾಣುತ್ತದೆ. ಬಟ್ಟೆ ಎಲ್ಲಿ ಬಿಗಿಯುತ್ತದೆ ಎಂದು ಮುಟ್ಟಿ ಹೇಳಲು ನಾಳೆ ಬನ್ನಿ ಎಂದರು. ಆಯಿತೆಂದೆ. ಇಂಥವರ ಕೈಗೆ ಬಿಟ್ಟರೆ ಹೆಗ್ಗಣಕ್ಕೆ ಗೂನು ಬೆನ್ನು ಮಾಡಿಡುತ್ತಾರೆ.

ಮಾರ್ಚ್ 26, ಬುಧವಾರ

ಕಬ್ಬಿಣದ ಮೇಲೆ ಕಬ್ಬಿಣದ ಪುಡಿ, ನನ್ನ ಉಗುರಿನೊಳಗೆಲ್ಲ ಅದೇ. ಚಹಾಕ್ಕೂ ಅದೇ ರುಚಿ. ಲೋಟಗಳನ್ನು ನಾನೇ ನಿಂತು ತೊಳೆಸಿದೆ. ಹಂದಿಗೂಡು ಇದಕ್ಕಿಂತ ಮೇಲು.

ಬಟ್ಟೆಯನ್ನು ಪಂಜರದ ಮೇಲೆ ಹೊದಿಸಿ, ಒಳಗೆ ನುಗ್ಗಿ ಕೂತು, ಎಲ್ಲಿ ಬಿಗಿಯುತ್ತದೆ ಎಂದು ಕೈಯಿಂದ ನೋಡುತ್ತ ಹೋದೆ. ಬಟ್ಟೆ ನೋವಿರುವ ಜಾಗವನ್ನು ತಾನೇ ಹೇಳುತ್ತದೆ. ಮುಂಗಾಲಿನ ಹಿಂದಿನ ನಾಲ್ಕನೇ ಪಕ್ಕೆಲುಬಿನ ಮೇಲೆ ಬೆರಳಿಟ್ಟು, "ಇಲ್ಲಿ ಕತ್ತರಿಸು," ಎಂದೆ. ಬೆಸುಗೆಯವನು ಗುರುತು ಹಾಕಿ ಯಂತ್ರ ಶುರು ಮಾಡಿದ.

"ನಿಲ್ಲಿಸಿ," ಎಂದಳು ಮೊಮ್ಮಗಳು.

ಯಂತ್ರ ನಿಂತಿತು. ಚೀಲದಿಂದ ಟೇಪು ತೆಗೆಯುವ ಸದ್ದು ಕೇಳಿಸಿತು. ನಾನು ಬೆರಳಿಟ್ಟ ಜಾಗಕ್ಕೆ, ಎಂಟು ಜನರ ಎದುರಿಗೆ, ಅವಳು ಟೇಪು ಹಿಡಿದಳು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡುತ್ತಿದ್ದೆ, ಪಂಜರದೊಳಗಿಂದ ಏಳುವುದು ಅಷ್ಟು ಸುಲಭವಲ್ಲ.

"ಎರಡು ಬೆರಳು ಕೆಳಗೆ ಬರಬೇಕು, ಅಜ್ಜಿ." ಮೆಲ್ಲಗೆ ಹೇಳಿದಳು. ಹೆದರಿದ್ದಳು. ಆದರೂ ಹೇಳಿದಳು.

ಕಬ್ಬಿಣದ ಮೇಲಿದ್ದ ಬೆರಳು ತೆಗೆದೆ.

"ಇನ್ನೊಂದು ಸಲ ಹಿಡಿ," ಎಂದೆ.

ಹಿಡಿದಳು. "ಎರಡೇ."

"ಹಾಗಾದ್ರೆ ನನ್ನ ಮುಖ ಏನು ನೋಡ್ತೀಯಾ? ಗುರುತು ಅಳಿಸಿ ಹೊಸದು ಹಾಕು. ಅವನು ಯಂತ್ರ ಹಿಡ್ಕೊಂಡು ಮುದುಕನಾಗ್ತಿದ್ದಾನೆ."

ಸಂಜೆಯವರೆಗೆ ಹದಿನಾಲ್ಕು ಕಡೆ ಕತ್ತರಿಸಿ ಬೆಸೆದರು. ಹದಿನಾಲ್ಕಕ್ಕೂ ನಾನು ಬೆರಳಿಟ್ಟೆ, ಅವಳು ಅಳೆದಳು. ಒಂಬತ್ತು ಸರಿ ಇದ್ದವು. ಐದು ಇರಲಿಲ್ಲ. ಊಟದ ಹೊತ್ತಿಗೆ ಕಲ್ಪಕರ್ಮಿಗಳೆಲ್ಲ ಒಂದೇ ನಲ್ಲಿಯಲ್ಲಿ ಸಾಲಾಗಿ ನಿಂತು ಕೈ ತೊಳೆದುಕೊಂಡೆವು. ಸೋಪು ಕೂಡ ಜಿಡ್ಡು.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಚರ್ಮ ಎಳೆದರು. ಬಲಗಡೆಯಿಂದ ಬಂತು, ಬೆನ್ನು ದಾಟಿತು, ಎಡಗಡೆ ಇಳಿಯಿತು. ನಾನು ಕೆಳಗೆ ಚಾಪೆಯ ಮೇಲೆ ಕೂತು ಎರಡೂ ಅಂಚುಗಳನ್ನು ಬೆರಳಲ್ಲಿ ಹಿಡಿದುಕೊಂಡಿದ್ದೆ. ಅಂಚಿಗೆ ಅಂಚು ಮುಟ್ಟಿತು. ಸೆಳೆತವಿಲ್ಲ, ಸುಕ್ಕಿಲ್ಲ. ಮೊಮ್ಮಗಳು ಸೂಜಿ ಹಾಕುತ್ತ ಹೋದಳು, ನಾನು ಅವಳ ಮುಂದೆ ಮುಂದೆ ಅಂಚು ಜೋಡಿಸಿಕೊಟ್ಟೆ. ಅವಳ ಹೊಲಿಗೆ ಇನ್ನೂ ಕೋಳಿ ಕೆದರಿದ ಹಾಗಿದೆ. ಹೇಳಿದೆ. ಕಲಿಯಬೇಕು.

ನಾನು ಬೆರಳಿಟ್ಟ ಕಡೆಗಳಲ್ಲೇ ಕತ್ತರಿಸಿದ್ದರೆ ಇದು ಮುಚ್ಚುತ್ತಿರಲಿಲ್ಲ. ಅಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಗ್ರಂಥಾಲಯದ ಹೆಂಗಸು ಹನ್ನೊಂದಕ್ಕೆ ಬಂದಳು, ತನ್ನ ಮಗುವನ್ನೂ ಕರೆತಂದಿದ್ದಳು. ಮಗು ಹೊಟ್ಟೆಯೊಳಗೆ ನುಗ್ಗಿತು. ಅರ್ಧ ಗಂಟೆ ಹೊರಗೆ ಬರಲಿಲ್ಲ. ಕಾಲು ಒರೆಸದೆ ನುಗ್ಗಿದ್ದು ನನಗೆ ಗೊತ್ತಾಯಿತು, ಸ್ಪಂಜಿನ ಪುಡಿಯೆಲ್ಲ ಒಳಗೆ. ಮಕ್ಕಳೆಂದರೆ ಗಲೀಜು. ಆ ಹೆಂಗಸು, "ಇದು ವಾಲಿರೋದು ಎಷ್ಟು ಚೆನ್ನಾಗಿದೆ, ಇದನ್ನ ಯಾರು ಯೋಚಿಸಿದ್ದು?" ಎಂದಳು. ಸುಳ್ಳುಗನ್ನಡಕ ಬಾಯಿ ತೆರೆದ. ನಾನು ಅವನ ಕಡೆ ತಿರುಗಿದೆ. ಬಾಯಿ ಮುಚ್ಚಿಕೊಂಡು ಮೊಮ್ಮಗಳನ್ನು ತೋರಿಸಿದನಂತೆ. ಬೆಸುಗೆಯವನು ಆಮೇಲೆ ಹೇಳಿದ.

ಪಟ್ಟಿ ವಾಪಸ್ ಕೊಡಬೇಕಾಗಿಲ್ಲ. ಹುಡುಗಿ ಉಳಿದಳು. ನನಗೂ ಒಂದು ಪಟ್ಟಿ ಕೊಡಲು ಬಂದರು. ಆ ಪಟ್ಟಿಯ ಅಂಚು ಎಷ್ಟು ಒರಟು ಎಂದು ತೋರಿಸಿ ವಾಪಸ್ ಕಳಿಸಿದೆ. ಸರಿಯಾಗಿ ಮಡಚಿ ಹೊಲಿದು ತರಲಿ, ಆಗ ನೋಡೋಣ.

ಸಂಜೆ ಮಗಳಿಗೆ ಹೇಳಿದೆ, ಆಸ್ಪತ್ರೆಗೆ ಹೆಸರು ಬರೆಸು ಎಂದು. ಬುಧವಾರಕ್ಕೆ ಸಿಕ್ಕಿದೆ. ಪೊರೆ ಬಂದಿರಬೇಕು, ತೆಗೆದರೆ ಕಾಣುತ್ತದೆ ಎನ್ನುತ್ತಾಳೆ. ಮೊದಲು ಎಡಗಣ್ಣು. ಕಣ್ಣಿಗೆ ಕತ್ತರಿ ಹಾಕುವವನು ಯಾರೋ, ಅವನ ಕೈ ಹೇಗೋ.

"ನಾನು ರಜೆ ಹಾಕಿ ಜೊತೆಗೆ ಬರ್ತೀನಮ್ಮ," ಎಂದಳು ಮಗಳು.

"ನೀನು ನಿನ್ನ ಬಸ್ಸು ನೋಡ್ಕೋ," ಎಂದೆ. "ನನ್ನ ಬೆರಳಿಗೆ ಟೇಪು ಹಿಡಿದವಳು ಬರಲಿ."